ಮೇಜಿನಡಿಗೆ ಜಾರಿದ ಹೋಳು

ಅಕ್ಟೋಬರ್ ೧೧, ಬೆಳಗ್ಗೆ

ಕಡಲಮ್ಮ ಮಾಝು ಬೆವರಿದಳು! ಗುಡಿಯ ವಿಗ್ರಹದ ಕೆನ್ನೆಯಿಂದ ಹನಿ ಹನಿ. ನಮ್ಮ ಪೆಂಗ್‌ಹು ದ್ವೀಪಕ್ಕೆ ಏನೋ ಕೇಡು ಕಾದಿದೆ ಅಂತ ಹೆಂಗಸರೆಲ್ಲ ಊದುಕಡ್ಡಿ ಹಿಡಿದು ಓಡಿ ಬಂದರು...

ಬೆವರಲ್ಲ. ನಾನು ಚಿಮುಕಿಸಿದ ಟೀ. ಗುಡಿ ಗುಡಿಸುವವನಿಗೆ ಇಷ್ಟಾದರೂ ಮನರಂಜನೆ ಬೇಡವೇ?

ನಿಜ ಹೇಳಿದಾಗ ಎಲ್ಲರೂ ನಕ್ಕರು, ಸಿಯು-ಕಿಮ್ ಮಾತ್ರ ನಗಲಿಲ್ಲ. ಅವಳ ಗಂಡ ಆ-ತೇಕ್ ನಿನ್ನೆಯಿಂದ ಕಡಲಲ್ಲಿದ್ದಾನೆ.

"ಅಜ್ಜ, ನಿನ್ ನಾಲ್ಗೆಗೆ ಉಪ್ಪು ಸವರಿ ಒಣಗ್ ಹಾಕ್ಬೇಕು, ಮೀನಿನ್ ಥರ."

೧೨, ಮಧ್ಯಾಹ್ನ

ನಿನ್ನೆ ಗಾಳಿಸುದ್ದಿ ನನ್ನದು. ಇಂದು ಗಾಳಿಯದೇ ಸುದ್ದಿ. ಆ-ತೇಕ್‌ನ ರೇಡಿಯೋ ಉಸಿರೆತ್ತುತ್ತಿಲ್ಲ. ಹುಡುಕುವ ಹಡಗು ಉತ್ತರಕ್ಕೆ ಹೋಗಿದೆ, ಅವನು ಬಲೆ ಬಿಡುವ ಕಡೆ. ಗಾಳಿ ತಳ್ಳುತ್ತಿರುವುದು ದಕ್ಷಿಣದ ಬಂಡೆಗಳತ್ತ, ಅಲ್ಲಿಗೆ ಯಾರೂ ಹೋಗಿಲ್ಲ.

ಲಾಯ್ ಬಳಿ ದೊಡ್ಡ ದೋಣಿ ಇದೆ, ಆರು ಆಳು. "ಕಡಲಮ್ಮ ಹೂಂ ಅಂದ್ರೆ ಈಗ್ಲೇ ಹೊರಡ್ತೀನಿ. ಇಲ್ಲಾಂದ್ರೆ ಈ ಗಾಳೀಲಿ ಆರು ಮನೆ ದೀಪ ಆರಿಸಲ್ಲ" ಎಂದ.

೧೨, ಸಂಜೆ

ಸಿಯು-ಕಿಮ್ ಅಮ್ಮನ ಮುಂದೆ ಮೊಣಕಾಲೂರಿ ಉಬ್ಬು ಬೆನ್ನಿನ ಎರಡು ಮರದ ಹೋಳು ಎಸೆದಳು. ಒಂದು ಬೋರಲು, ಒಂದು ಅಂಗಾತ ಬಿದ್ದರೆ ಅಮ್ಮನ ಹೂಂ. ಸತತ ಮೂರು ಸಲ ಹಾಗೆ ಬೀಳಬೇಕು.

ಮೊದಲ ಸಲ ಹೂಂ. ಎರಡನೆಯ ಸಲವೂ.

ಮೂರನೆಯ ಸಲ ಜೋರಾಗಿ ಎಸೆದಳು. ಒಂದು ಹೋಳು ಬೋರಲು. ಇನ್ನೊಂದು ಜಾರಿ ಪೂಜೆಯ ಮೇಜಿನಡಿಗೆ, ಕತ್ತಲೆಗೆ.

"ಅಜ್ಜ, ನೀನೇ ಸಣಕಲ. ನುಗ್ಗು!" ಎಂದಳು.

ನುಗ್ಗಿದೆ. ಜೇಡರ ಬಲೆ. ಗುಡಿಸುವವನ ಮರ್ಯಾದೆ ಅಲ್ಲೇ ಬಯಲಾಯಿತು.

"ಹೆಂಗ್ ಬಿದ್ದಿದೆ?" ಲಾಯ್ ಕೂಗಿದ. "ತಮಾಷೆ ಮಾಡಿದ್ರೆ ಹಲ್ಲು ಉದುರ್ಸ್ತೀನಿ!"

"ಉದುರ್ಸೋಕೆ ಇರೋದೇ ಎರಡು... ಅಂಗಾತ ಬಿದ್ದಿದೆ!"

ಹೋಳನ್ನು ಮುಷ್ಟಿಗೆ ಬಾಚಿಕೊಂಡು ಹೊರಬಂದೆ. ಲಾಯ್ ಆಗಲೇ ಓಡಿದ್ದ, ಹಿಂದೆ ಆರು ಜನ.

೧೩

ಗುಡಿ ಗುಡಿಸಿದೆ. ಮತ್ತೆ ಗುಡಿಸಿದೆ. ಮೇಜಿನಡಿಯೂ.

೧೫, ಬೆಳಗ್ಗೆ

ಬಂದರಿಗೆ ಬಂದರು. ಎಲ್ಲರೂ. ಆ-ತೇಕ್‌ನ ಇಂಜಿನ್ ಕೆಟ್ಟು ದೋಣಿ ದಕ್ಷಿಣಕ್ಕೆ ತೇಲಿತ್ತಂತೆ. ಬಂಡೆಗೆ ಇನ್ನೇನು ಬಡಿಯಬೇಕು, ಲಾಯ್ ಹಗ್ಗ ಎಸೆದನಂತೆ.

ಸಿಯು-ಕಿಮ್ ಶೇಂಗಾ ಮಿಠಾಯಿ ತಂದು ಅಮ್ಮನ ಮುಂದಿಟ್ಟಳು. ನನಗೂ ಒಂದು.

"ಅಮ್ಮನ್ ಮಾತು ಸುಳ್ಳಾಗುತ್ತಾ ಅಜ್ಜ? ನೀನೇ ಕಣ್ಣಾರೆ ನೋಡಿದ್ಯಲ್ಲ!"

ಮಿಠಾಯಿ ಹಲ್ಲಿಗೆ ಅಂಟಿತು. ಪೊರಕೆ ಎತ್ತಿಕೊಂಡೆ.

ಈ ದಿನಚರಿಯಲ್ಲಾದರೆ ಬರೆಯಬಹುದು, ಓದುವವರಿಲ್ಲ. ಹೋಳು ಬೋರಲೋ ಅಂಗಾತವೋ, ನಾನು ನೋಡಲೇ ಇಲ್ಲ. ಟಾರ್ಚ್ ಕೈಯಲ್ಲೇ ಇತ್ತು, ಹಚ್ಚಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಅಮ್ಮಾ, ಇದೊಂದ್ ಸಲ ನಾನು ತಮಾಷೆ ಮಾಡ್ತಿಲ್ಲ, ಅಂತ ಬೇಡಿಕೊಂಡು ಕೂಗಿದ್ದೆ.