ಐದನೇ ಪುಟದ ಅಜ್ಜಿ

ಅಕ್ಟೋಬರ್ 5, 1992, ಸೋಮವಾರ

ತಂಗಿಗೆ ಕಾಗದ ಬರೆಯಬೇಕು. ಯಾವಾಗಿನ ಹಾಗೆ ಮೊದಲು ಇಲ್ಲಿ ಗೀಚಿಕೊಂಡು, ಆಮೇಲೆ ಒಳ್ಳೆ ಹಾಳೆಗೆ ಇಳಿಸೋದು.

ಪ್ರೀತಿಯ ಮಾವಿಸ್, ನಿನ್ನ ಮಂಡಿ ಹೇಗಿದೆ? ನಾರ್ಮನ್‌ನ ಕೆಮ್ಮು ಆ ಕಡಲಗಾಳಿಗೆ ಇಳಿಯಿತೋ, ಇನ್ನೂ ಏರಿತೋ? ಮೊಮ್ಮಗಳು ಜಿಲ್‌ಗೆ ವಾಂತಿ ನಿಂತಿತೇ? ಐದು ತಿಂಗಳಲ್ಲವೇ ಈಗ? ಹಾಸಿಗೆಯಿಂದ ಏಳುವ ಮುಂಚೆ ಒಂದು ಒಣ ಬಿಸ್ಕತ್ತು ತಿನ್ನಲಿ. ನಾನು ಗಟ್ಟಿಯಾಗಿದ್ದೀನಿ. ಎಪ್ಪತ್ತೊಂದಾದರೂ ಬಾಗಿಲ ಮೆಟ್ಟಿಲು ನಾನೇ ತಿಕ್ಕೋದು...

ಇಷ್ಟಕ್ಕೆ ನಿಲ್ಲಿಸಿದೆ. ಆಲೂಗಡ್ಡೆ ಒಲೆ ಮೇಲಿತ್ತು. ‘ಕ್ರೈಯರ್’ ಪೇಪರಿನಲ್ಲಿ ಇವತ್ತು ಓದುಗರ ಮತ ಕೇಳಿದ್ದರು. ದಕ್ಷಿಣದ ಯಾವುದೋ ಊರಿನವನ ಫೋಟೊ, ದಪ್ಪ ಕನ್ನಡಕ, ಯಾವುದೋ ಕೇಸಿನಲ್ಲಿ ಪೋಲೀಸರು ಹಿಡಿದು ಬಿಟ್ಟವನಂತೆ. ‘ಇಂಥವನು ನಿಮ್ಮ ಬೀದಿಯಲ್ಲಿರಬೇಕೆ? ನೀವೇ ಹೇಳಿ.’ ಇರಲಿ ಅನ್ನಲು ಒಂದು ನಂಬರು, ಬೇಡ ಅನ್ನಲು ಒಂದು. ಬೇಡ ಅನ್ನುವ ನಂಬರಿಗೆ ಫೋನ್ ಮಾಡಿದೆ. ಹೆಂಗಸೊಬ್ಬಳ ದನಿ ಥ್ಯಾಂಕ್ಸ್ ಅಂದಿತು. ಅರ್ಧ ನಿಮಿಷವೂ ಆಗಲಿಲ್ಲ. ಆಲೂಗಡ್ಡೆ ಇನ್ನೂ ಬೆಂದಿರಲಿಲ್ಲ.

ಅಕ್ಟೋಬರ್ 8, ಗುರುವಾರ

31ನೇ ಮನೆ ಡೆನೀಸ್‌ಳ ಮಗಳು ಕೆಲ್ಲಿ, ಒಂಬತ್ತು ವರ್ಷ — ಮಂಗಳವಾರ ಸ್ಕೂಲಿಗೆ ಹೋದವಳು ಮನೆಗೆ ಬಂದಿಲ್ಲ. ಗಂಡಸರೆಲ್ಲ ಕಾಲುವೆ ದಂಡೆ ಹುಡುಕಿದರು. ಡೆನೀಸ್‌ಗೆ ಸೂಪು ಕೊಟ್ಟುಬಂದೆ. ಚಮಚ ಹಿಡಿದುಕೊಂಡೇ ಕೂತಿದ್ದಳು. ಬೀದಿಯಲ್ಲಿ ಒಂದು ಮಗುವಿನ ಸದ್ದಿಲ್ಲ. ಎಲ್ಲರೂ ಮಕ್ಕಳನ್ನು ಒಳಗೆ ಕೂಡಿಹಾಕಿದ್ದಾರೆ.

ಅಕ್ಟೋಬರ್ 9, ಶುಕ್ರವಾರ

ಪೋಲೀಸರು ಬೀದಿಯ ಒಂಟಿ ಗಂಡಸರನ್ನೆಲ್ಲ ಕರೆದು ವಿಚಾರಿಸುತ್ತಿದ್ದಾರೆ. ಪಕ್ಕದ ಮನೆಯ ಲಯನೆಲ್ ಗಾಂಟ್‌ನನ್ನೂ ಕರೆದಿದ್ದರು. ಎರಡು ಗಂಟೆ ಕೂರಿಸಿ ಬಿಟ್ಟರಂತೆ.

ಮಧ್ಯಾಹ್ನ ‘ಕ್ರೈಯರ್’ನವನು ಬಂದ. ನಿಕ್ ಅಂತ. ಒಳ್ಳೆ ಹುಡುಗ, ಬೂಟು ಒರೆಸಿಕೊಂಡು ಒಳಗೆ ಬಂದ. ಬಂದವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಮಾತಾಡಿ ನಮಗೆ ಗೊತ್ತೇ ಇಲ್ಲ. ಟೀ ಮಾಡಿದೆ, ಶುಂಠಿ ಕೇಕು ಕೊಟ್ಟೆ. ಮೂವತ್ತು ವರ್ಷದಿಂದ ನಿಮ್ಮದೇ ಪೇಪರು ಅಂದೆ. ‘ನಿಮ್ಮಂಥವರಿಗೇ ನಾವು ಬರೆಯೋದು, ಮಿಸೆಸ್ ಆಕ್ರಾಯ್ಡ್,’ ಅಂದ. ಸುಳ್ಳು ಯಾಕೆ ಹೇಳಲಿ, ಹಿಗ್ಗಾಯಿತು.

ಲಯನೆಲ್ ಬಗ್ಗೆ ಕೇಳಿದ. ಇದ್ದದ್ದು ಹೇಳಿದೆ. ತನ್ನ ಪಾಡಿಗೆ ತಾನಿರ್ತಾನೆ, ಆದರೆ ನನ್ನ ಗ್ಯಾಸ್ ಹೀಟರ್ ಕೆಟ್ಟರೆ ಕರೆಯೋ ಮುಂಚೆ ಬಂದಿರ್ತಾನೆ. ಹಗಲೆಲ್ಲ ಪರದೆ ಎಳೆದಿರುತ್ತೆ, ಪಾಪ, ಬೇಕರಿಯಲ್ಲಿ ರಾತ್ರಿ ಪಾಳಿ, ಹಗಲು ಮಲಗಬೇಕಲ್ಲ. ನಾವೆಲ್ಲ ತಿನ್ನೋದು ಅವನು ಸುಟ್ಟ ಬ್ರೆಡ್ಡೇ ಅಂತಲೂ ಅಂದೆ.

ಅಗ್ಗಿಷ್ಟಿಕೆ ಮೇಲಿನ ಫೋಟೊ ನೋಡಿದ. ರಾಣಿ ಪಟ್ಟಕ್ಕೆ ಬಂದ ಇಪ್ಪತ್ತೈದನೇ ವರ್ಷಕ್ಕೆ ಬೀದಿಯಲ್ಲೇ ಮೇಜು ಹಾಕಿ ಊಟ ಮಾಡಿದೆವಲ್ಲ, ಆಗಿನದು. ಎಪ್ಪತ್ತೇಳನೇ ಇಸವಿ. ಇಡೀ ಬೀದಿ ಇದೆ ಅದರಲ್ಲಿ, ಕಾಗದದ ಕಿರೀಟ ಹಾಕಿಕೊಂಡು. ಎರಡು ದಿನಕ್ಕೆ ಕೊಡ್ತೀರಾ ಅಂದ. ಕೊಟ್ಟೆ.

ಅಕ್ಟೋಬರ್ 10, ಶನಿವಾರ, ಬೆಳಿಗ್ಗೆ 8

ಇವತ್ತಿನ ‘ಕ್ರೈಯರ್’ ಬಂತು.

ಐದನೇ ಪುಟ. ಇಡೀ ಬೀದಿಯನ್ನು ಕತ್ತರಿಸಿ ಬಿಸಾಕಿದ್ದಾರೆ. ಉಳಿದದ್ದು ಲಯನೆಲ್, ಅವನ ಕೈ, ಆ ಕೈ ಕೆಳಗೆ ಒಂದು ಮಗುವಿನ ಹೆಗಲು. ಮಗುವಿನ ಮುಖ ಮಸುಕು ಮಾಡಿದ್ದಾರೆ. ಅದು ಜಿಲ್! ಮಾವಿಸ್‌ಳ ಜಿಲ್, ಆಗ ಆರು ವರ್ಷ. ಬೆಂಚಿನಿಂದ ಬಿದ್ದು ಅಳುತ್ತಿದ್ದಳು, ಅವನು ಎತ್ತಿ ನಿಲ್ಲಿಸಿದ. ಪಕ್ಕದಲ್ಲೇ ಮಾವಿಸ್ ಇದ್ದಳು, ನಾನಿದ್ದೆ. ನಮ್ಮನ್ನೂ ಕತ್ತರಿಸಿದ್ದಾರೆ.

ಕೆಳಗೆ ನನ್ನ ಹೆಸರು. ‘ತನ್ನ ಪಾಡಿಗೆ ತಾನಿರ್ತಾನೆ. ಹಗಲೆಲ್ಲ ಪರದೆ ಎಳೆದಿರುತ್ತೆ, ಎನ್ನುತ್ತಾರೆ ಭಯದಲ್ಲೇ ದಿನ ದೂಡುತ್ತಿರುವ ನೆರೆಮನೆಯ ಅಜ್ಜಿ ಹಿಲ್ಡಾ, 71.’

ನಾನು ಹೇಳಿದ್ದೇ. ಒಂದು ಅಕ್ಷರವೂ ಸುಳ್ಳಲ್ಲ. ಬ್ರೆಡ್ಡಿಲ್ಲ, ಹೀಟರಿಲ್ಲ.

ಅದರ ಕೆಳಗೆ ಚೌಕ. ಪೋಲೀಸರು ಬಿಟ್ಟಿದ್ದು ಸರಿಯೇ? ನೀವೇ ಹೇಳಿ. ಎರಡು ನಂಬರು. ಈ ಹೊತ್ತಿಗೆ ಎಷ್ಟು ಅಡುಗೆಮನೆಗಳಲ್ಲಿ ನನ್ನಂಥವರು ಫೋನೆತ್ತಿರಬಹುದು, ಆಲೂಗಡ್ಡೆ ಬೇಯುವುದರೊಳಗೆ...

ಪೇಪರಿನ ಆಫೀಸಿಗೆ ಫೋನ್ ಮಾಡಿದೆ. ಹುಡುಗಿ ಹೆಸರು ಬರೆದುಕೊಂಡಳು. ಓದುಗರ ಅಭಿಪ್ರಾಯಕ್ಕೆ ನಮ್ಮಲ್ಲಿ ಬಹಳ ಬೆಲೆ ಅಂದಳು.

ಅಕ್ಟೋಬರ್ 13, ಮಂಗಳವಾರ

ಎರಡು ದಿನ ಬರೆಯಲಾಗಲಿಲ್ಲ.

ಭಾನುವಾರ ಲಯನೆಲ್ ಬಾಗಿಲಿಗೆ ಕೆಂಪು ಬಣ್ಣ. ಸೋಮವಾರ ಮುಂದಿನ ಕಿಟಕಿಗೆ ಇಟ್ಟಿಗೆ. ಎಸೆದದ್ದು 22ನೇ ಮನೆ ಫ್ರ್ಯಾಂಕ್, ಹುಟ್ಟಿದಾಗಿಂದ ನಾನು ನೋಡಿದ ಹುಡುಗ. ಅವನ ಜೇಬಿನಲ್ಲಿ ಐದನೇ ಪುಟ ಮಡಚಿತ್ತು. ಯಾಕೋ ಫ್ರ್ಯಾಂಕ್ ಅಂದೆ. ‘ನೀವು ಹೆದರಬೇಡಿ ಹಿಲ್ಡಾ ಆಂಟಿ. ನಿಮಗೋಸ್ಕರವೇ ಮಾಡ್ತಿರೋದು,’ ಅಂದ. ಹೆಂಗಸರು ನನ್ನ ಕೈ ಹಿಡಿದು ಧೈರ್ಯ ಹೇಳಿದರು. ನಾನು ಹೆದರಿದ್ದು ಇವರಿಗೇ ಅಂತ ಹೇಳಲು ಬಾಯಿ ಬರಲಿಲ್ಲ.

ಬೇಕರಿಯವರು ಲಯನೆಲ್‌ಗೆ ಕೆಲಸಕ್ಕೆ ಬರಬೇಡ ಅಂದಿದ್ದಾರೆ. ಪೋಲೀಸಿನವನು, ಸ್ವಲ್ಪ ದಿನ ಎಲ್ಲಾದರೂ ಹೋಗಿ ಇರಪ್ಪ ಅಂದನಂತೆ. ಎಲ್ಲಿಗೆ ಹೋಗ್ತಾನೆ? ಅವನಿಗೆ ಯಾರೂ ಇಲ್ಲ.

ಸಂಜೆ ಟೀ ಹೊತ್ತಿಗೆ ಹಿತ್ತಿಲ ಗೋಡೆ ಹತ್ತಿ ನಮ್ಮ ಅಂಗಳಕ್ಕೆ ಇಳಿದ. ಐವತ್ತೆಂಟರ ಮನುಷ್ಯ, ಅಂಗೈ ತರಚಿತ್ತು. ನಾನೇ ಕರೆದದ್ದು. ಹಿಂದಿನ ಚಿಕ್ಕ ಕೋಣೆ ಕೊಟ್ಟೆ. ಪೇಪರಿನ ಮಾತು ಅವನು ಎತ್ತಲಿಲ್ಲ. ನಾನೇ ಎತ್ತಿದೆ.

‘ಓದಿದೆ ಹಿಲ್ಡಾ. ನೀವು ಅಷ್ಟಕ್ಕೇ ಮಾತು ನಿಲ್ಲಿಸಿರಲಾರಿರಿ ಅಂತ ಗೊತ್ತು,’ ಅಂದ.

ಸಿಂಕಿನ ಹತ್ತಿರ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅಕ್ಟೋಬರ್ 14, ಬುಧವಾರ

ಇದನ್ನು ಯಾರಿಗೂ ಹೇಳಲಾರೆ. ಇಲ್ಲಿ ಬರೆದು ಮುಗಿಸುತ್ತೇನೆ.

ನಿನ್ನೆ ಮಲಗುವ ಮುಂಚೆ ನನ್ನ ಕೋಣೆ ಬಾಗಿಲ ಹಿಡಿಕೆಗೆ ಕುರ್ಚಿ ಒತ್ತಿಟ್ಟೆ.

ಕೆಲ್ಲಿ ಇನ್ನೂ ಸಿಕ್ಕಿಲ್ಲ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಆ ಪೇಪರು ನನಗೆ ಹೇಳಿಕೊಟ್ಟಿದೆ — ಒಂಟಿ ಗಂಡಸು, ಮೆತ್ತನೆ ಮಾತು, ಎಳೆದ ಪರದೆ, ಪಕ್ಕದ ಮನೆಯವರಿಗೆ ಏನೂ ಗೊತ್ತಿರಲಿಲ್ಲ. ಓದುತ್ತಾ, ಪಕ್ಕದ ಮನೆಯವರು ಎಂಥ ದಡ್ಡರಪ್ಪಾ ಅಂದುಕೊಳ್ಳುತ್ತಿದ್ದವಳು ನಾನು. ಹತ್ತೊಂಬತ್ತು ವರ್ಷದಿಂದ ಲಯನೆಲ್‌ನನ್ನು ಬಲ್ಲೆ. ಬಲ್ಲೆನೇ? ಅವನು ಕೆಮ್ಮಿದರೆ ಕಿವಿ ನಿಗುರುತ್ತದೆ. ಬೆಳಿಗ್ಗೆ ಅವನಿಗೆ ಕೇಳಿಸದ ಹಾಗೆ ಕುರ್ಚಿ ಸರಿಸಿ, ಕೆಳಗಿಳಿದು ಗಂಜಿ ಕಾಯಿಸಿದೆ. ಅವನು ಕಣ್ಣೆತ್ತಲಿಲ್ಲ. ಕುರ್ಚಿ ಎಳೆದ ಸದ್ದು ಕೇಳಿಸಿತೋ ಏನೋ.

ಅಕ್ಟೋಬರ್ 15, ಗುರುವಾರ, ಮಧ್ಯಾಹ್ನ 3

ಕೆಲ್ಲಿ ಸಿಕ್ಕಳು! ಜೀವಂತ! ಬೇರೆ ಇರುವ ಅಪ್ಪನೇ ಸ್ಕೂಲಿನ ಗೇಟಿನಿಂದ ಕರೆದೊಯ್ದು ಕಡಲ ಕಡೆ ಒಂದು ಕ್ಯಾರವಾನ್ ಗಾಡಿಮನೆಯಲ್ಲಿ ಇಟ್ಟುಕೊಂಡಿದ್ದನಂತೆ. ಡೆನೀಸ್ ಬೀದಿ ಮಧ್ಯೆ ಕೂತು ಅತ್ತಳು. ಓಡಿ ಬಂದು ಲಯನೆಲ್‌ಗೆ ಹೇಳಿದೆ. ಸದ್ಯ, ಮಗು ಸಿಕ್ಕಿತಲ್ಲ ಅಂದ. ಎರಡು ಸಲ ಅಂದ. ನಾಳೆ ಮನೆಗೆ ಹೋಗಿ ಕಿಟಕಿಗೆ ಹಲಗೆ ಹೊಡೀತೀನಿ ಅಂದ.

ಸಂಜೆ 6

ಫ್ರ್ಯಾಂಕ್ ಮತ್ತೆ ಆರೇಳು ಜನ ಇನ್ನೂ ಲಯನೆಲ್‌ನ ಗೇಟಿನ ಹತ್ತಿರವೇ ಇದ್ದಾರೆ. ಹೋಗಿ ಕೇಳಿದೆ, ಮಗು ಸಿಕ್ಕಿತಲ್ಲಪ್ಪ, ಇನ್ನೇನು?

‘ತಪ್ಪು ಮಾಡದವನು ಯಾಕೆ ಓಡಿಹೋದ ಆಂಟಿ?’

ಅವನ ಕಣ್ಣು ನೋಡಿದೆ. ಲಯನೆಲ್ ಏನೂ ಮಾಡಿಲ್ಲ ಅಂದರೆ ಆ ಇಟ್ಟಿಗೆ ಎಸೆದವನು ಏನಾಗ್ತಾನೆ? ಅದು ಅವನಿಗೂ ಗೊತ್ತಾಗಿದೆ. ಅದಕ್ಕೇ ನನಗೆ ಇನ್ನೂ ಹೆದರಿಕೆ.

ಅಕ್ಟೋಬರ್ 16, ಶುಕ್ರವಾರ, ಬೆಳಿಗ್ಗೆ 10

ಮೊದಲ ಪುಟ: ‘ಕೆಲ್ಲಿಯನ್ನು ಹುಡುಕಿದ್ದು ನೀವೇ!’ ಓದುಗರಿಗೆ ಅಭಿನಂದನೆ. ಲಯನೆಲ್ ಕಳಂಕವಿಲ್ಲದವನು ಅನ್ನುವ ಒಂದು ಸಾಲೂ ಇಲ್ಲ. ಒಳಗೆ ಪುಟ್ಟದಾಗಿ, ‘ಪರದೆ ಮನೆಯ ಗಾಂಟ್ ಈಗೆಲ್ಲಿ?’

ನಿಕ್ ಬಂದು ಬಾಗಿಲು ಬಡಿದ. ತೆಗೆಯಲಿಲ್ಲ. ಹುಟ್ಟಿದ ಮೇಲೆ ಮೊದಲ ಸಲ ಬಂದವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದೆ. ಕಾಗದ ಹಾಕುವ ಕಿಂಡಿ ಎತ್ತಿ, ಅದೇ ನಯದ ದನಿಯಲ್ಲಿ ಮಾತಾಡಿದ.

‘ಮಿಸೆಸ್ ಆಕ್ರಾಯ್ಡ್, ಹಾಲಿನವನು ಹೇಳ್ತಿದ್ದ, ಈ ವಾರ ದಿನಾ ಎರಡು ಬಾಟಲಿ ತಗೋತಿದ್ದೀರಂತೆ. ನೆಂಟರು ಬಂದಿದ್ದಾರಾ?’

ಅಯ್ಯೋ, ಹಾಲು. ಲಯನೆಲ್‌ಗೆ ಗಂಜಿಗೆ ಬೇಕಲ್ಲ ಅಂತ ಚೀಟಿ ಬರೆದು ಖಾಲಿ ಬಾಟಲಿಗೆ ಸಿಕ್ಕಿಸಿ ಮೆಟ್ಟಿಲ ಮೇಲಿಟ್ಟವಳು ನಾನೇ. ಇಡೀ ಬೀದಿ ಓದುವ ಹಾಗೆ.

ನಿಕ್ ಕಿಂಡಿ ಬಿಡಲಿಲ್ಲ. ನಮ್ಮ ಓದುಗರಿಗೆ ನೀವಂದ್ರೆ ಪ್ರಾಣ, ನಿಮ್ಮ ಕಡೆ ಮಾತೂ ಹಾಕೋಣ, ಫೋಟೊನೂ ವಾಪಸ್ ತಂದಿದ್ದೀನಿ ಅಂದ. ಅವನ ಹಿಂದೆ ಫ್ರ್ಯಾಂಕ್ ಕೇಳ್ತಿದ್ದ, ಯಾರು ನೆಂಟರು, ಯಾರು?

11 ಗಂಟೆ

ಫೋನಿನ ರಿಸೀವರ್ ಕೆಳಗೆ ತೆಗೆದಿಟ್ಟಿದ್ದೇನೆ, ವಾಪಸ್ ಇಟ್ಟರೆ ಸಾಕು ಬಡಿದುಕೊಳ್ಳುತ್ತೆ. ಬಾಗಿಲಾಚೆ ಮಾತು ಜಾಸ್ತಿಯಾಗಿದೆ. ಲಯನೆಲ್ ತಾನಾಗಿಯೇ ಹೊರಗೆ ಹೋಗ್ತೀನಿ ಅಂದ, ನಿಮಗ್ಯಾಕೆ ತೊಂದರೆ ಅಂತ. ಕೋಟು ಹಾಕಿಕೊಂಡೂ ಬಿಟ್ಟ. ಕೂತ್ಕೊ ಅಂದೆ, ನನ್ನ ಮನೆಯಿಂದ ಯಾರನ್ನೂ ಹಾಗೆ ಕಳಿಸಲ್ಲ. ಕೂತ.

ಮಾವಿಸ್‌ಗೆ. ಅವಳ ಮನೆಯಲ್ಲಿ ಫೋನಿಲ್ಲ, ಕಾಗದವೇ ಗತಿ. ಈ ಸಲ ಇಲ್ಲಿ ಗೀಚಿಕೊಂಡು ಆಮೇಲೆ ಒಳ್ಳೆ ಹಾಳೆ ಅನ್ನುವಷ್ಟು ಹೊತ್ತಿಲ್ಲ. ಇದೇ ಹಾಳೆ ಹರಿದು ಕಳಿಸುತ್ತೇನೆ.

ಮಾವಿಸ್, ಲಯನೆಲ್ ಗಾಂಟ್‌ನನ್ನು ನಿನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೀಯಾ? ಕ್ರಿಸ್‌ಮಸ್‌ವರೆಗೆ ಸಾಕು. ಹದಿನೈದು ವರ್ಷ ಹಳೆಯ ಆ ಫೋಟೊ ನೋಡಿ ನಿಮ್ಮೂರಿನಲ್ಲಿ ಅವನನ್ನು ಯಾರೂ ಗುರುತಿಸಲಾರರು. ನಾರ್ಮನ್ ಗೊಣಗಿದರೆ ನನ್ನ ಆಣೆ ಹಾಕು. ನಾಳೆ ನನ್ನ ಬಗ್ಗೆ ಏನು ಬರೆಯುತ್ತಾರೋ ಗೊತ್ತಿಲ್ಲ. ಮೋಸಹೋದ ಮುದುಕಿ ಅಂತಲೋ, ಮೋಸ ಮಾಡಿದ ಮುದುಕಿ ಅಂತಲೋ. ಎರಡೂ ನಾನಲ್ಲ. ಅವನಿಗೆ ಹೆದರಿ ಒಂದು ರಾತ್ರಿ ಬಾಗಿಲಿಗೆ ಕುರ್ಚಿ ಇಟ್ಟವಳು ಮಾತ್ರ ನಾನೇ. ಅದನ್ನು ಅವರು ಬರೆಯಲ್ಲ, ಅವರಿಗೆ ಗೊತ್ತಿಲ್ಲ. ನಿನಗೆ ಹೇಳಿದ್ದೀನಿ.

ಈ ಕಾಗದ ಅಂಚೆ ಡಬ್ಬಿಗೆ ಹಾಕಬೇಕಾದರೆ ಆ ಜನದ ನಡುವೆಯೇ ನಡೆದುಹೋಗಬೇಕು. ಹೋಗ್ತೀನಿ. ನನ್ನ ಮೈ ಮುಟ್ಟಲ್ಲ ಅವರು, ನಾನು ಅವರ ಅಜ್ಜಿ ತಾನೇ. ಹೂಂ ಅಂತಲೋ ಆಗಲ್ಲ ಅಂತಲೋ, ಒಂದೇ ಸಾಲು ಸಾಕು. ಆದರೆ ಬೇಗ ಬರಿ ಮಾವಿಸ್, ಕಾಗದ ಕೈಗೆ ಸಿಕ್ಕ ತಕ್ಷಣ ಬರಿ, ಯಾಕೆಂದರೆ ಹಿತ್ತಿಲ ಗೋಡೆ ಮೇಲೆ ಈಗ ಯಾರದೋ ಕೈ ಕಾಣಿಸ್ತಿದೆ, ಯಾರೋ ಹತ್ತಿ