ಅಗಸಿ ದಾಟುವ ಹೊತ್ತು

೨ ಫೆಬ್ರುವರಿ ೧೯೫೩, ಸೋಮವಾರ. ಮಧ್ಯಾಹ್ನ

ಅತ್ತೆ ಮಲಗಿದ್ದಾರೆ. ಗೊರಕೆ ಶುರುವಾಗಿದೆ. ಬರೆಯಲು ಇದೇ ಹೊತ್ತು.

ಬೆಳಿಗ್ಗೆಯಿಂದ ಹತ್ತಿ ಬಂದು ಬೀಳುತ್ತಿದೆ. ಪಡಸಾಲೆ ತುಂಬ ಬಿಳಿ. ಮೂಗಿನಲ್ಲೂ ಹತ್ತಿ, ರೊಟ್ಟಿ ಹಿಟ್ಟಿನಲ್ಲೂ ಹತ್ತಿ. ನಾಳೆ ಮನೆಯವರು ಮತ್ತೆ ಗಾಡಿ ಕಟ್ಟಿಸಿಕೊಂಡು ರೋಣಕ್ಕೆ. ನರಗುಂದದಿಂದ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ಎಂದು ಓಣಿಯವರೆಲ್ಲ ನನ್ನನ್ನು ನೋಡಲು ಬರುತ್ತಿದ್ದರು. ಈಗ ಯಾರೂ ಬರುವುದಿಲ್ಲ. ರೊಟ್ಟಿ ದುಂಡಗೆ ಬರುವುದಿಲ್ಲ ಎಂದು ಗೊತ್ತಾಗಿಹೋಗಿದೆ.

ನೀರಡಿಕೆಯಾಗಿದೆ. ಕುಡಿಯುವುದಿಲ್ಲ. ಕುಡಿದರೆ ಸಂಜೆಯವರೆಗೆ ತಡೆದುಕೊಳ್ಳಬೇಕು. ಈ ಊರಿನ ಹೆಂಗಸರು ಬಯಲಕಡೆ ಹೋಗುವುದು ನಸುಕಿನ ಕತ್ತಲಲ್ಲಿ, ಇಲ್ಲವೇ ದೀಪ ಹಚ್ಚಿದ ಮೇಲೆ. ಹಗಲು ಹೋದರೆ ನಾಚಿಕೆಗೇಡು. ಗಂಡಸರಿಗೆ ಮಾತ್ರ ಹೊತ್ತೂ ಇಲ್ಲ ಗೊತ್ತೂ ಇಲ್ಲ. ತಂಬಿಗೆ ಬೀಸುತ್ತ ಹೊರಡುತ್ತಾರೆ, ದಾರಿಯಲ್ಲಿ ನಿಂತು ಜೋಳದ ರೇಟು ಮಾತಾಡುತ್ತಾರೆ.

ಸಂಜೆಯ ಗುಂಪು ಮಾತ್ರ ನನಗೆ ಇಷ್ಟ. ಅತ್ತೆ, ನಾನು, ನಾದಿನಿ ಸಿದ್ದವ್ವ, ಪಕ್ಕದ ಪಿಂಜಾರರ ಮುಮತಾಜಬಿ, ಓಣಿಯ ಇನ್ನಷ್ಟು ಜನ. ಊರ ಹೆಬ್ಬಾಗಿಲಾದ ಅಗಸಿ ದಾಟಿದರೆ ಹಳ್ಳದ ದಾರಿ, ಜಾಲಿಗಿಡ. ದಾರಿಯುದ್ದಕ್ಕೂ ನಗು, ಚಾಡಿ, ಯಾರ ಸೊಸೆ ಬಸುರಿ ಎಂಬ ಸುದ್ದಿ. ಸಿದ್ದವ್ವನಿಗೆ ಹದಿನೇಳು ತುಂಬಿತು, ಇನ್ನೂ ಕೋತಿ ಬುದ್ಧಿ. ಮುಮತಾಜಬಿ ನಡೆಯುವುದನ್ನು ಅಣಕಿಸುತ್ತಾಳೆ. ಎಲ್ಲರಿಗಿಂತ ಜೋರಾಗಿ ನಗುವವಳು ಮುಮತಾಜಬಿಯೇ.

ಅತ್ತೆ ಹೊರಳಿದರು…

೧೧ ಫೆಬ್ರುವರಿ, ಬುಧವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಮನೆಯವರು ರೋಣದಿಂದ ಇಬ್ಬರು ವ್ಯಾಪಾರಿಗಳನ್ನು ಊಟಕ್ಕೆ ಕರೆತಂದರು. ನಾನು ಒಲೆಯ ಮುಂದೆ, ಸಿದ್ದವ್ವ ಬಡಿಸಲು. ಗುಂಪು ನಮ್ಮನ್ನು ಬಿಟ್ಟು ಹೋಗಿ ಬಂತು. ವ್ಯಾಪಾರಿಗಳು ಕೈ ತೊಳೆಯುವ ಹೊತ್ತಿಗೆ ಸಿದ್ದವ್ವನಿಗೆ ತಡೆಯಲಾಗಲಿಲ್ಲ. "ವೈನಿ, ನೀ ಬರ್ತೀಯೇನು?" ಅಂದಳು. ಮನೆಯ ಮಂದಿಯ ರೊಟ್ಟಿ ಇನ್ನೂ ಹಂಚಿನ ಮೇಲಿದ್ದವು. "ಹೋಗಿ ಬಾ" ಅಂದೆ.

ಹಳ್ಳದ ಹತ್ತಿರ ನೀಲಪ್ಪ ಹಿಡಿದ. ಊರ ಪಂಚರಲ್ಲಿ ಹಿರಿಯರಾದ ಮಲ್ಲೇಶಪ್ಪನವರ ಮಗ. ಬಾಯಿ ಮುಚ್ಚಿದ. ಕೆಡಿಸಿದ… ಎಂದು ಬರೆದೆ. ಹೊಡೆದುಹಾಕುತ್ತಿದ್ದೇನೆ. ಕೆಟ್ಟವನು ಅವನು, ಅವಳೇಕೆ ಕೆಡುತ್ತಾಳೆ? ಬಲಾತ್ಕಾರ ಮಾಡಿದ. ಹೀಗೇ ಬರೆಯಬೇಕು.

ಹಿತ್ತಲ ಗೋಡೆಗೆ ಒರಗಿ ಕೂತಿದ್ದಳಂತೆ, ಒಳಗೆ ಬರಲು ಹೆದರಿ. ಮುಮತಾಜಬಿ ನೋಡಿ, ಕಂಬಳಿ ಹೊದಿಸಿ ಕರೆತಂದಳು. ಅತ್ತೆ ಕೇಳಿದ ಮೊದಲ ಮಾತು: "ಒಬ್ಬಾಕಿ ಯಾಕ ಹೋದಿ?"

ಏನಾಯಿತವ್ವ ಎಂದಲ್ಲ. ಎಲ್ಲಿ ನೋವು ಎಂದಲ್ಲ. ನನಗೆ ಅವರ ಮೇಲೆ ಆವತ್ತಿನಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

೧೩ ಫೆಬ್ರುವರಿ, ಶುಕ್ರವಾರ

ನಿನ್ನೆ ಶಿವರಾತ್ರಿ. ಉಪವಾಸ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಹೇಗೂ ಊಟ ಸೇರುತ್ತಿಲ್ಲ.

ಮನೆಯಲ್ಲಿ ತಪ್ಪು ಹಂಚುತ್ತಿದ್ದೇವೆ, ಪ್ರಸಾದ ಹಂಚಿದ ಹಾಗೆ. ಮನೆಯವರು ತಾಯಿಗೆ: "ನೀ ಆಕೀನ್ನ ತಲಿಮ್ಯಾಲೆ ಕುಂಡ್ರಿಸಿಕೊಂಡಿದ್ದಿ." ಅತ್ತೆ ನನಗೆ: "ರೊಟ್ಟಿ ಹೊತ್ತಿದ್ರ ಹೊತ್ತಲಿ, ಸಂಗಾಟ ಹೋಗಬೇಕಿತ್ತಿಲ್ಲೋ." ನಾನು ಬಾಯಿಬಿಡದೆ ಮನೆಯವರಿಗೆ: ಊಟದವರನ್ನು ಅದೇ ಹೊತ್ತಿಗೆ ತರಬೇಕಿತ್ತೇ? ಎಲ್ಲರಿಗೂ ಒಂದೊಂದು ಪಾಲು ಬಂತು. ನೀಲಪ್ಪನಿಗೆ ಯಾರೂ ಕೊಡಲಿಲ್ಲ.

ಸಿದ್ದವ್ವ ಒಳಕೋಣೆಯಲ್ಲಿ, ಗೋಡೆ ಕಡೆ ಮುಖ. ಇವತ್ತು ಮಾತಾಡಿದಳು.

"ನಾ ಕೂಗಲಿಲ್ಲ ವೈನಿ."

"ಬಾಯಿ ಮುಚ್ಚಿದ್ದ ಅಂದೆಲ್ಲ."

"ಮೊದಲ ಕರದಾಗ ಓಡಬೇಕಿತ್ತು. 'ಸಿದ್ದವ್ವಾ' ಅಂದ. ಗುರುತಿನಾಂವ ಅಂತ ನಿಂತೆ. ನಿಂತಿದ್ದು ನನ್ನ ತಪ್ಪಲ್ಲೇನು?"

ಹುಟ್ಟಿದಾಗಿನಿಂದ ಒಂದೇ ಓಣಿ. ಹೆಸರು ಹಿಡಿದು ಕರೆದರೆ ಯಾರು ನಿಲ್ಲುವುದಿಲ್ಲ? ನಾನೂ ನಿಲ್ಲುತ್ತಿದ್ದೆ. ಅಲ್ಲ, ನಿನ್ನ ತಪ್ಪಲ್ಲ ಅಂದೆ. ನಂಬಲಿಲ್ಲ. ಅವಳಿಗೆ ಆ ಮಾತು ಬೇಕಾಗಿರುವುದು ತಾಯಿಯ ಬಾಯಿಂದ. ಅವರು ಅದನ್ನು ಹೇಳುವವರೆಗೆ ಈ ಹುಡುಗಿ ಆ ಕೋಣೆಯಿಂದ ಹೊರಗೆ ಬರುವುದಿಲ್ಲ.

ನಾನು ಜೊತೆಗೆ ಹೋಗಿದ್ದರೆ… ಹೋಗಬೇಕಿತ್ತು, ಖರೆ. ಆ ಸಂಕಟ ನನಗಿದೆ, ಇರಲಿ. ಆದರೆ ನಾನು ಹೋಗದೆ ಇದ್ದದ್ದು ಅವನ ಕೈ ಹಿಡಿದು ಮಾಡಿಸಲಿಲ್ಲ. ಬಾಗಿಲು ತೆರೆದಿಟ್ಟು ಮಲಗಿದವರನ್ನು ಎಚ್ಚರಿಲ್ಲದವರು ಎನ್ನಬಹುದು. ಕಳ್ಳರು ಎನ್ನಲಾಗುತ್ತದೆಯೇ? ಅದೂ ಅಲ್ಲದೆ ಇವಳು ತೆರೆದಿಟ್ಟ ಬಾಗಿಲಾದರೂ ಯಾವುದು? ಕತ್ತಲಾದ ಮೇಲೆಯೇ ಹೋಗಬೇಕು ಎಂದು ಕಲಿಸಿದವರು ನಾವು.

೧೭ ಫೆಬ್ರುವರಿ, ಮಂಗಳವಾರ. ಸಂಜೆ

ಚಾವಡಿಯಲ್ಲಿ ಪಂಚರು ಕೂತರು. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಮನೆಯವರು ಹೋಗಿ ಬಂದು, ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತರು.

"ಏನಾತ್ರಿ?"

"ನೀಲಪ್ಪನ್ನ ಗಜೇಂದ್ರಗಡಕ್ಕ ಅವನ ಸೋದರಮಾವನ ಅಂಗಡಿಗೆ ಕಳಸ್ತಾರಂತ. ಹೋಳಿ ತನಕ. ಹುಡುಗಬುದ್ಧಿ ಅಂದ್ರು."

ಹುಡುಗನಿಗೆ ಇಪ್ಪತ್ತಾರು ವರ್ಷ.

"ಸಿದ್ದವ್ವನ ಸುದ್ದಿ?"

"ಕತ್ತಲಾಗ ಒಬ್ಬಾಕಿ ಹೋಗಿದ್ದು ತಪ್ಪು ಅಂದ್ರು. ಗಜೇಂದ್ರಗಡದಾಗ ಒಂದು ಸಂಬಂಧ ಹೇಳ್ಯಾರ. ಹೆಂಡತಿ ಸತ್ತಾಂವ, ಮೂರು ಮಕ್ಕಳು ಅದಾವ. ಹೋಳಿ ಮುಗದ ಮ್ಯಾಲೆ ಮಾಡಿ ಕೊಟ್ಟುಬಿಡ್ರಿ, ಮಾತು ಮುಚ್ಚಿ ಹೋಗತೈತಿ ಅಂದ್ರು."

"ರೋಣಕ್ಕ ಹೋಗಿ ಪೊಲೀಸರಿಗೆ ಹೇಳೂಣ್ರಿ."

"ಹೇಳಿ? ನಾಳಿ ಈ ಊರಾಗ ಹ್ಯಾಂಗ ಬಾಳೂದು? ನಮ್ಮ ಹತ್ತಿ ಯಾರು ತಗೋತಾರ?"

ಅಳುತ್ತಿದ್ದರು. ಮದುವೆಯಾದಾಗಿನಿಂದ ಅವರು ಅತ್ತದ್ದು ನೋಡಿರಲಿಲ್ಲ. ಸಿಟ್ಟೂ ಬಂತು, ಕನಿಕರವೂ ಬಂತು. ನೀರು ತಂದುಕೊಟ್ಟೆ.

ಅವನನ್ನು ಕಳಿಸುವುದೂ ಗಜೇಂದ್ರಗಡಕ್ಕೆ, ಇವಳನ್ನು ಕಳಿಸುವುದೂ ಗಜೇಂದ್ರಗಡಕ್ಕೆ. ಅವನು ಹೋಳಿಗೆ ತಿರುಗಿ ಬರುತ್ತಾನೆ. ಇವಳು ಬರುವುದಿಲ್ಲ.

೧೯ ಫೆಬ್ರುವರಿ, ಗುರುವಾರ

ಡಂಗುರ ಸಾರಿದರು. ಹಲಗೆಯವನು ನಮ್ಮ ಬಾಗಿಲ ಮುಂದೆಯೇ ನಿಂತ. ಬೇಕಂತಲೇ ಅಲ್ಲ ಪಾಪ, ಓಣಿ ತಿರುಗುವುದೇ ಅಲ್ಲಿ.

"ಕೇಳ್ರಪೋ ಕೇಳ್ರಿ. ಇವತ್ತಿನಿಂದ ದೀಪ ಹಚ್ಚಿದ ಮ್ಯಾಲೆ, ಹೊತ್ತು ಹುಟ್ಟೂಕಿಂತ ಮೊದಲ, ಯಾವ ಹೆಣ್ಣುಮಗಳೂ ಅಗಸಿ ದಾಟಬಾರದು. ದಾಟಿದ್ರ, ಮುಂದ ಆಗೂದಕ್ಕ ಆಕೀನ ಜವಾಬ್ದಾರಿ."

ಪಂಚರು ಭಾರಿ ವಿಚಾರ ಮಾಡಿದ್ದಾರೆ. ಕತ್ತಲಲ್ಲಿ ಹೋಗಬಾರದು. ಹಗಲಲ್ಲಿ ಹೋದರೆ ನಾಚಿಕೆಗೇಡು. ಹಾಗಾದರೆ ಹೋಗುವುದು ಯಾವಾಗ? ತಮ್ಮ ಮನೆಯ ಹೆಂಗಸರು ಎಷ್ಟು ಹೊತ್ತಿಗೆ ಎದ್ದು ಹೋಗುತ್ತಾರೆ ಎಂದು ಇವರಲ್ಲಿ ಒಬ್ಬರಿಗೂ ಗೊತ್ತಿದ್ದಂತಿಲ್ಲ. ನಗು ಬಂತು. ಒಳಕೋಣೆಯಲ್ಲಿ ಸಿದ್ದವ್ವ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದು ನೋಡಿ ನಗು ಇಂಗಿತು.

೨೬ ಫೆಬ್ರುವರಿ, ಗುರುವಾರ

ಓಣಿಯ ಹೆಂಗಸರೆಲ್ಲ ಸಿಡಿಮಿಡಿ. ಹಿತ್ತಲು, ದನದ ಕೊಟ್ಟಿಗೆ, ಸಿಕ್ಕ ಸಿಕ್ಕ ಮೂಲೆ. ಬೈಗುಳ ಮಾತ್ರ ಪಂಚರಿಗಲ್ಲ. "ಆಕೀನಿಂದ ನಮಗೆಲ್ಲಾ ಈ ವನವಾಸ" ಎಂದು ಬಾವಿಯ ಹತ್ತಿರ ಆಡಿದ್ದು ನನ್ನ ಕಿವಿಗೇ ಬಿತ್ತು.

ಅತ್ತೆಗೆ ಉರಿಮೂತ್ರ. ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ನಿನ್ನೆ ಕತ್ತಲಾದ ಮೇಲೆ ತಡೆಯಲಾರದೆ ಒಬ್ಬರೇ ಹೊರಟರು. ಸ್ವಲ್ಪ ಹೊತ್ತಿಗೇ ತಿರುಗಿ ಬಂದು ನಡುಮನೆಯಲ್ಲಿ ಕುಸಿದರು. ಆಮೇಲೆ ತಾವೇ ಹೇಳಿದರು.

"ಮಲ್ಲೇಶಪ್ಪ ಅಗಸಿ ಕಟ್ಟಿಮ್ಯಾಲೆ ಕುಂತಿದ್ದ. 'ಹೊನ್ನವ್ವಾ, ಡಂಗುರ ಕೇಳಿಲ್ಲೇನು? ಹೋಗೂದಿದ್ರ ಹೋಗು, ಏನರ ಆದ್ರ ನಮ್ಮ ಮುಂದ ಬಂದು ಅಳಬ್ಯಾಡ' ಅಂದ. ನನಗ. ಅರವತ್ತು ವರ್ಷದಾಕಿಗೆ. ಅವನ ಮಗಾ ಹುಟ್ಟಿದಾಗ ಮೊದಲ ನೀರು ಹಾಕಿದಾಕಿ ನಾನು."

ಸೆರಗಿನಿಂದ ಮುಖ ಒರೆಸಿಕೊಂಡರು.

"ನಾ ಅಂಥಾದ್ದೇನ ಮಾಡಿದ್ದೆ ಹೇಳು ರೇಣುಕಾ? ಹೊರಕಡಿ ಬಂದಿತ್ತು. ಅಷ್ಟ."

ನಾನು ಅನ್ನಬೇಕಾದದ್ದನ್ನು ಅವರೇ ಅಂದಿದ್ದರು. ತಾವು ಅಂದದ್ದು ತಮ್ಮ ಕಿವಿಗೆ ಬಿದ್ದ ಹಾಗೆ ತಲೆ ಎತ್ತಿದರು. ಒಳಕೋಣೆಯ ಬಾಗಿಲ ಕಡೆ ನೋಡುತ್ತ ಬಹಳ ಹೊತ್ತು ಕೂತಿದ್ದರು. ಎದ್ದು ಹೋಗಲಿಲ್ಲ.

೨೭ ಫೆಬ್ರುವರಿ, ಶುಕ್ರವಾರ

ಅತ್ತೆ ಬೆಳಿಗ್ಗೆಯೇ ಎದ್ದು ಓಣಿಯ ಮನೆ ಮನೆಗೆ ಹೋಗಿ ಬಂದರು. ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಹೆಂಗಸರೆಲ್ಲ ಸೇರಿದರು. ಅತ್ತೆಯೇ ಮಾತು ತೆಗೆದರು.

"ಹಗಲು ಹೋಗಬ್ಯಾಡ್ರಿ ಅಂತ ಡಂಗುರದಾಗ ಹೇಳ್ಯಾರೇನು? ಇಲ್ಲ. ಹೋಗೂಣು. ಎಲ್ಲಾರೂ ಕೂಡಿ. ಕಟ್ಟಿಮ್ಯಾಲೆ ಗಂಡಸರು ತುಂಬಿರೂ ಹೊತ್ತಿನ್ಯಾಗ."

ಮೊದಲು ಒಪ್ಪಿದವಳು ಮುಮತಾಜಬಿ: "ಅಕ್ಕಾ, ನಾ ಬರ್ತೀನಿ. ನನಗ ಮೊದಲ ನಾಚಿಕಿ ಕಡಿಮಿ." ಒಬ್ಬರು ನಕ್ಕರು. ಆಮೇಲೆ ಒಬ್ಬೊಬ್ಬರೇ ಹೂಂಗುಟ್ಟಿದರು.

ಸುದ್ದಿ ತಿಳಿದು ಮನೆಯವರು ಓಡಿಬಂದರು. "ಯವ್ವಾ, ಮರ್ಯಾದಿ ಏನ ಉಳೀತೈತಿ?"

"ನಾಚಿಕಿ ಎಲ್ಲಾ ನಾವ ಹೊರಬೇಕೇನು? ಒಂದಿನ ಅವರೂ ಹೊರ್ಲಿ."

ನನಗೆ ಹೆದರಿಕೆ. ಮುಲ್ಕಿ ಪಾಸಾದದ್ದು ಇದಕ್ಕೇನೂ ಉಪಯೋಗಕ್ಕೆ ಬರುತ್ತಿಲ್ಲ.

೨ ಮಾರ್ಚ್, ಸೋಮವಾರ. ಸಂಜೆ

ಹೋಗಿ ಬಂದೆವು.

ಒಳ್ಳೇ ಬಿಸಿಲು. ಅತ್ತೆ ಮುಂದೆ, ಮುಮತಾಜಬಿ ಪಕ್ಕದಲ್ಲಿ, ನಾವೆಲ್ಲ ಹಿಂದೆ. ಕೈಯಲ್ಲಿ ತಂಬಿಗೆ, ಎಲ್ಲರಿಗೂ ಕಾಣುವ ಹಾಗೆ. ಸಿದ್ದವ್ವ ಬರಲಿಲ್ಲ. ಬಾ ಎಂದು ಯಾರೂ ಒತ್ತಾಯ ಮಾಡಲಿಲ್ಲ. ಅಗಸಿ ಕಟ್ಟೆಯ ತುಂಬ ಜನ, ನಡುವೆ ಮಲ್ಲೇಶಪ್ಪನವರು. ಅವರ ಬಗಲಲ್ಲಿ ನೀಲಪ್ಪ. ಹೋಳಿಗೆ ಬಂದಿದ್ದಾನೆ, ಕಿವಿಯ ಹಿಂದೆ ಬಣ್ಣ ಇನ್ನೂ ಹೋಗಿಲ್ಲ.

"ಏನಿದು ಹಾಡಹಗಲ? ನಾಚಿಕಿ ಇಲ್ಲೇನು ನಿಮಗ?" ಅಂದರು ಮಲ್ಲೇಶಪ್ಪನವರು, ಮುಖ ಅತ್ತ ತಿರುಗಿಸಿ.

ಅತ್ತೆ ನಿಂತರು.

"ಕತ್ತಲಾಗ ಹೋದ್ರ ನಮ್ಮ ತಪ್ಪು ಅಂದ್ರಿ. ಈಗ ಹೊತ್ತೇರೈತಿ. ಒಬ್ಬಾಕಿ ಹೋದ್ರ ತಪ್ಪು ಅಂದ್ರಿ. ಇಷ್ಟು ಮಂದಿ ಬಂದೀವಿ. ನನ್ನ ಮಗಳೂ ಆವತ್ತ ಇದಕ್ಕ ಹೊಂಟಿದ್ಲು, ಬ್ಯಾರೆದಕ್ಕಲ್ಲ. ತಪ್ಪು ಮಾಡಿದಾಂವ ನಿಮ್ಮ ಬಾಜೂಕ ಕುಂತಾನ. ಅವಂಗ ಡಂಗುರ ಯಾವಾಗ ಹೊಡಸ್ತೀರಿ?"

ನೀಲಪ್ಪ ಮೊದಲು ಎದ್ದ. ಆಮೇಲೆ ಒಬ್ಬೊಬ್ಬರೇ, ಏನೋ ಕೆಲಸ ನೆನಪಾದವರ ಹಾಗೆ. ನಾವು ದಾಟಿ ಹೋದೆವು. ಜಾಲಿಗಿಡದ ಹತ್ತಿರ ಹೋಗುತ್ತಲೂ ಮುಮತಾಜಬಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅತ್ತುಬಿಟ್ಟಳು. ಬಾವಿಯ ಹತ್ತಿರ ಸಿದ್ದವ್ವನನ್ನು ಬೈದವಳೂ ಅತ್ತಳು.

ಮನೆಗೆ ಬಂದವರೇ ಅತ್ತೆ ಒಳಕೋಣೆಗೆ ಹೋಗಿ ನೆಲದ ಮೇಲೆ ಕೂತರು.

"ತಪ್ಪು ನಿಂದಲ್ಲ, ಮಗಳ. ನಾ ಆವತ್ತ ಹಂಗ ಕೇಳಬಾರದಿತ್ತು."

ಸಿದ್ದವ್ವ ದನಿ ತೆಗೆದು ಅತ್ತಳು. ಇಷ್ಟು ದಿನ ಅಳುವಿಗೆ ದನಿಯೇ ಬಂದಿರಲಿಲ್ಲ. ಅತ್ತೆ ಅವಳ ತಲೆ ತೊಡೆಯ ಮೇಲೆ ಇಟ್ಟುಕೊಂಡು ಮಗನಿಗೆ ಹೇಳಿದರು: "ಗಜೇಂದ್ರಗಡದ ಸಂಬಂಧ ಬ್ಯಾಡ ಅಂತ ಹೇಳಿ ಕಳಸು." ಮನೆಯವರು ಹೂಂ ಎಂದರು. ಅಷ್ಟು ಸಲೀಸಾಗಿ ಎನ್ನುತ್ತಾರೆಂದು ನಾನು ಎಣಿಸಿರಲಿಲ್ಲ.

೪ ಮಾರ್ಚ್, ಬುಧವಾರ. ಬೆಳಿಗ್ಗೆ

ಗಾಡಿ ಕಟ್ಟುತ್ತಿದ್ದಾರೆ. ರೋಣಕ್ಕೆ, ಪೊಲೀಸರ ಹತ್ತಿರ. ನಾವು ಯಾರೂ ಹೇಳಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಸಿದ್ದವ್ವನೇ ಪೊಲೀಸರ ಮಾತು ತೆಗೆದು ಕೇಳಿದಳು.

"ಅಲ್ಲೂ ಕೇಳ್ತಾರೇನು ವೈನಿ, ಒಬ್ಬಾಕಿ ಯಾಕ ಹೋದಿ ಅಂತ?"

"ಕೇಳಬಹುದು." ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ಅಗಿದು ನುಂಗುವವರೆಗೆ ಎಲ್ಲರೂ ಕಾದೆವು.

"ಕೇಳ್ಲಿ. ನಾ ಯಾಕ ಹೋಗಿದ್ದೆ ಹೇಳ್ತೀನಿ. ಅಂವ ಅಲ್ಲಿಗೆ ಯಾಕ ಬಂದಿದ್ದ, ಅದನ್ನ ಅವನ್ನ ಕೇಳ್ರಿ ಅಂತೀನಿ."

ಏನಾಗುತ್ತದೋ ಗೊತ್ತಿಲ್ಲ. ದೂರು ಬರೆದುಕೊಳ್ಳುತ್ತಾರೋ ಇಲ್ಲವೋ. ಹತ್ತಿ ಮನೆಯಲ್ಲೇ ಉಳಿಯುತ್ತದೋ ಏನೋ. ಮನೆಯವರು ಊರ ಹಿಂದಿನ ದಾರಿಯಲ್ಲಿ ಹೋಗೋಣ ಅಂದರು. ಅಗಸಿಯಿಂದಲೇ ಅಂದಳು ಅವಳು.

ಹೊರಗೆ ಹೋಗಿ ಗಾಡಿಯ ಹತ್ತಿರ ನಿಂತಿದ್ದಾಳೆ. ಬಿಸಿಲಲ್ಲಿ, ಓಣಿಯವರೆಲ್ಲ ನೋಡುತ್ತಿದ್ದಾರೆ. ಒಬ್ಬಳೇ ನಿಂತಿದ್ದಾಳೆ, ನಾನು ಇಲ್ಲಿ ಕೂತು ಏನು—