ನೂರಹತ್ತರ ಪೀಕ್

ಮಾರ್ಚ್ 4, ಬೆಳಿಗ್ಗೆ 10

ಮತ್ತೆ ಅದೇ. ಪೆರೋವ್‌ಸ್ಕೈಟ್ ಹರಳು, ಲೇಸರ್, ಇಪ್ಪತ್ತು ಸ್ಕ್ಯಾನ್. ಮೊದಲನೆಯದು ಡಿಲೀಟ್. ಸೀನಿಯರ್ ಕಲಿಸಿ ಹೋದ ಪದ್ಧತಿ — ಮಶೀನ್ ಬಿಸಿಯಾಗೋವರೆಗೂ ಬರೋದೆಲ್ಲ ಕಸ. ಉಳಿದದ್ದರ ಸರಾಸರಿ. ಗ್ರಾಫಿನಲ್ಲಿ ನೂರಹತ್ತರ ಅಂಕಿ ಮೇಲೆ ಚೂಪಾಗಿ ಎದ್ದು ನಮ್ಮ ಪೀಕ್ ಹಾಜರ್!

ಅಮ್ಮನ ಫೋನ್. "ದಿನಾ ಅದ್ರಲ್ಲಿ ಏನೇ ನೋಡ್ತೀಯ?" ಹರಳಿನೊಳಗೆ ಪರಮಾಣುಗಳು ಸಾಲಾಗಿ ನಿಂತು ನಡುಗ್ತಿರ್ತವೆ, ಬೆಳಕು ಬಡಿದು ವಾಪಸ್ ಬರುವಾಗ ಬಣ್ಣ ಚೂರು ಬದಲಾಗತ್ತೆ, ಒಂದೊಂದು ನಡುಕಕ್ಕೂ ಒಂದೊಂದು ಪೀಕ್ ಅಂದೆ. "ಚಳಿಯೇನೋ ಪಾಪ" ಅಂದಳು. ನಕ್ಕೆ. ನೂರಹತ್ತರ ನಡುಕ ಬೇರೆ ಯಾರಿಗೂ ಕಂಡಿಲ್ಲ. ಐದು ವರ್ಷದ ಥೀಸಿಸ್ ಅದರ ಮೇಲೇ ನಿಂತಿದೆ. ಮೂವತ್ತಕ್ಕೆ ಸಬ್ಮಿಷನ್.

ಮಾರ್ಚ್ 9, ಮಧ್ಯಾಹ್ನ 3

ಮೊದಲ ಸ್ಕ್ಯಾನ್ ಮುಗೀತಿದ್ದಂತೆ ಕಂಪ್ಯೂಟರ್ ಹ್ಯಾಂಗ್. ಉಳಿದದ್ದು ಅದೊಂದೇ. ಸುಮ್ಮನೆ ತೆರೆದು ನೋಡಿದೆ. ನೂರಹತ್ತರಲ್ಲಿ ಏನೂ ಇಲ್ಲ.

ಅದೇ ಜಾಗದಲ್ಲಿ ಎರಡನೇದು — ಸಣ್ಣ ಉಬ್ಬು. ಐದನೇದಕ್ಕೆ ನಮ್ಮ ಪೀಕ್. ಹರಳಿನ ಮೇಲೆ ಜಾಗ ಬದಲಿಸಿ ಮತ್ತೆ ಮೊದಲ ಸ್ಕ್ಯಾನ್. ಮತ್ತೆ ಇಲ್ಲ.

ಮೈಕ್ರೋಸ್ಕೋಪಲ್ಲಿ ನೋಡಿದೆ. ಲೇಸರ್ ಬಿದ್ದಲ್ಲೆಲ್ಲ ಹಳದಿ ಚುಕ್ಕೆ. ಹರಳು ಅಲ್ಲಿ ಸುಟ್ಟು ಲೆಡ್ ಅಯೋಡೈಡ್ ಅನ್ನೋ ಬೇರೆ ಪದಾರ್ಥ ಆಗಿದೆ. ಪೀಕ್ ಅದರದ್ದು, ನನ್ನ ಹರಳಿನದ್ದಲ್ಲ.

ಮಾರ್ಚ್ 10

ಹರಳು ಸುಡದ ಹಾಗೆ ಲೇಸರ್ ಪವರ್ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದೆ. ಹದಿನೈದು ಸಲ. ಪೀಕ್ ಇಲ್ಲ, ಇಲ್ಲ, ಇಲ್ಲ. ಐದು ವರ್ಷ ನಿಜವನ್ನ ಕೈಯಾರೆ ಡಿಲೀಟ್ ಮಾಡಿದೀನಿ. ಯಾರಿಗೆ ಹೇಳಲಿ...

ಮಾರ್ಚ್ 17, ಸಂಜೆ

ಒಂದು ವಾರದಿಂದ ಜ್ವರ ಅಂತ ಸುಳ್ಳು. ಅಣ್ಣನ ಫೋನ್ — "ಡಾಕ್ಟರಮ್ಮಾ, ಯಾವಾಗ ಮುಗಿಯತ್ತೆ?" ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತೆ?

ಜ್ವರಕ್ಕೆ ಮಾತ್ರೆ ತಂದಳು ಸೋಡಾಬುಡ್ಡಿ. ಲ್ಯಾಬಲ್ಲಿ ಪಕ್ಕದ ಟೇಬಲ್ಲಿನವಳು, ದಪ್ಪ ಕನ್ನಡಕಕ್ಕೆ ಆ ಹೆಸರು. ನನ್ನ ಪೀಕನ್ನ ಲೆಕ್ಕದಿಂದ ಸಾಧಿಸಿ ತೋರಿಸೋದೇ ಅವಳ ಥೀಸಿಸ್.

"ಎಂಟು ತಿಂಗಳಾಯ್ತು ಕಣೇ, ನನ್ನ ಲೆಕ್ಕದಲ್ಲಿ ಅದು ಬರ್ತಾನೇ ಇಲ್ಲ. ನನಗೇ ತಲೆ ಇಲ್ಲ. ಪಿಎಚ್‌ಡಿ ಬಿಟ್ಟು ಹೋಗ್ತೀನಿ, ಹದಿಮೂರಕ್ಕೇ ಅರ್ಜಿ ಕೊಟ್ಟಾಯ್ತು."

ಹಣೆ ಮುಟ್ಟಿ ನೋಡಿದಳು. "ಜ್ವರ ಇಳಿದಿದೆ, ಮಲಕ್ಕೋ." ಅವಳು ಕೊಟ್ಟ ಮಾತ್ರೆ ನುಂಗಿ ಹೊದ್ದು ಮಲಗಿದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 18, ಬೆಳಿಗ್ಗೆ 11

ಗೈಡ್ ಮೇಡಂಗೆ ಪೀಕ್ ಇರೋದು, ಇಲ್ಲದ್ದು ಎರಡೂ ಗ್ರಾಫ್ ತೋರಿಸಿದೆ.

"ಇದನ್ನ ಇನ್ಯಾರು ನೋಡಿದಾರೆ?"

"ಯಾರೂ ಇಲ್ಲ ಮೇಡಂ."

"ಮೂವತ್ತಕ್ಕೆ ಸಬ್ಮಿಟ್ ಮಾಡು. ಆಮೇಲೆ ನೋಡೋಣ." ಹೆಗಲು ತಟ್ಟಿದರು. ಬೈದಿದ್ದರೇ ಚೆನ್ನಾಗಿತ್ತು.

ಮಾರ್ಚ್ 18, ಸಂಜೆ 4

ಸೋಡಾಬುಡ್ಡಿ ಟೇಬಲ್ ಖಾಲಿ ಮಾಡ್ತಿದ್ದಳು. ತಡೆಯಲಾಗಲಿಲ್ಲ. ಎಳೆದುಕೊಂಡು ಹೋಗಿ ಹಳದಿ ಚುಕ್ಕೆ ತೋರಿಸಿದೆ. ನಿನ್ನ ಲೆಕ್ಕವೇ ಸರಿ ಕಣೇ, ನನ್ನದೇ ತಪ್ಪು ಅಂದೆ.

ಕನ್ನಡಕ ತೆಗೆದು ಒರೆಸಿಕೊಂಡಳು. ನಕ್ಕಳು ಕೂಡ. ಆಮೇಲೆ ಕೇಳಿದಳು, "ಯಾವಾಗಿಂದ ಗೊತ್ತು ನಿನಗೆ?"

ಒಂಬತ್ತನೇ ತಾರೀಕಿಂದ, ಅಂದೆ.

ಅವಳು ಅರ್ಜಿ ಕೊಟ್ಟಿದ್ದು ಹದಿಮೂರಕ್ಕೆ. ನಾಲ್ಕು ದಿನ ಇತ್ತು ನನ್ನ ಕೈಲಿ.